ಸೆರೆಮನೆಯಲ್ಲಿ ಮುಪ್ಪು: ಯೇಸುಸಭೆಯ ವೃದ್ಧ ಗುರುಗಳು, 1759–1814

‘ಶರಣರ ಗುಣವನ್ನು ಮರಣದಲ್ಲಿ ನೋಡು’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಮಠ, ಮಾನ್ಯ, ಶಿಷ್ಯಕೋಟಿ ಇವೆಲ್ಲ ಇರುವಾಗ ಒಬ್ಬನ ಭಕ್ತಿಯ ತೂಕ ತಿಳಿಯದು. ಅವೆಲ್ಲವೂ ಕಳಚಿಬಿದ್ದ ಮೇಲೆ ಉಳಿದುದೇ ಅವನ ನಿಜವಾದ ಗಂಟು ಎಂದು ಹಿರಿಯರು ಬಲ್ಲವರಾಗಿದ್ದರು. ಆದರೆ ಇತಿಹಾಸವನ್ನು ಬರೆಯುವವನಿಗೆ ಈ ಮಾತು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಾರದು. ಮನುಷ್ಯನ ಅಂತರಂಗಕ್ಕೆ ದಾಖಲೆಗಳಿಲ್ಲ. ಕಷ್ಟದಿಂದ ಭಕ್ತಿ ಬಲಿಯಿತೆಂದು ಭಕ್ತರು ಹೇಳುತ್ತಾರೆ. ಕಷ್ಟದಿಂದ ಮನುಷ್ಯನು ಮುರಿಯುತ್ತಾನೆಂದು ವೈದ್ಯರೂ ನ್ಯಾಯಾಧೀಶರೂ ಹೇಳುತ್ತಾರೆ. ಇವೆರಡರಲ್ಲಿ ಯಾವುದು ದಿಟ? ಇದನ್ನು ಪರಿಶೀಲಿಸುವುದಕ್ಕೆ ಒಂದೇ ವಿಪತ್ತಿಗೆ ಒಂದೇ ಕಾಲದಲ್ಲಿ ಸಿಲುಕಿದ ಅನೇಕ ಮಂದಿ ಬೇಕು. ಅವರು ಒಂದೇ ಶಿಕ್ಷಣವನ್ನು ಪಡೆದವರಾಗಿರಬೇಕು. ಅವರಲ್ಲಿ ಕೆಲವರಾದರೂ ತಮ್ಮ ನಡೆನುಡಿಗಳ ಗುರುತನ್ನು ಬಿಟ್ಟುಹೋಗಿರಬೇಕು.

ಅಂತಹ ಒಂದು ಸಂದರ್ಭವು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಒದಗಿತು. ಕೆಥೊಲಿಕ್ ಕ್ರೈಸ್ತರ ಯೇಸುಸಭೆಯು 1759ರಲ್ಲಿ ಪೋರ್ತುಗಾಲಿನಿಂದಲೂ 1764ರಲ್ಲಿ ಫ್ರಾನ್ಸಿನಿಂದಲೂ 1767ರಲ್ಲಿ ಸ್ಪೇನಿನಿಂದಲೂ ಹೊರದೂಡಲ್ಪಟ್ಟು, ಕೊನೆಗೆ 1773ರ ಜುಲೈ 21ರ ಆಜ್ಞಾಪತ್ರದಿಂದ ಪೋಪರ ಕೈಯಿಂದಲೇ ವಿಸರ್ಜಿತವಾಯಿತು. ಆ ಸಭೆಯಲ್ಲಿ ಆಗ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿ ಸದಸ್ಯರಿದ್ದರು. ಅವರಲ್ಲಿ ತರುಣರಿಗೆ ಬೇರೆ ದಾರಿಗಳಿದ್ದುವು, ಮದುವೆಯಾಗಬಹುದಾಗಿತ್ತು, ಉಪಾಧ್ಯಾಯರಾಗಬಹುದಾಗಿತ್ತು. ಅರುವತ್ತು, ಎಪ್ಪತ್ತು ವರುಷ ದಾಟಿದ ಗುರುಗಳಿಗೆ ಅಂತಹ ದಾರಿಗಳು ಇರಲಿಲ್ಲ. ಅವರ ಬಾಳಿನ ಅರ್ಥವೆಲ್ಲ ಆ ಸಭೆಯೊಡನೆ ಬೆಸೆದುಕೊಂಡಿತ್ತು. ಅಂತಹ ಕೆಲವರ ಚರಿತ್ರೆಯನ್ನು ಇಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ. ಈ ವೃತ್ತಾಂತವು ನಮ್ಮ ಮೈಸೂರು ಸೀಮೆಯನ್ನೂ ತಟ್ಟಿ ಹೋಗಿರುವುದರಿಂದ ಕನ್ನಡ ವಾಚಕರಿಗೆ ಇದು ಕೇವಲ ಪರದೇಶದ ಕಥೆಯಾಗಲಾರದು.

1

ಮೊದಲು ಒಂದು ಎಚ್ಚರಿಕೆಯ ಮಾತು. ಯೇಸುಸಭೆಯವರು ಕೇವಲ ನಿರಪರಾಧಿಗಳಾದ ಕುರಿಮರಿಗಳಾಗಿದ್ದರೆಂದು ತಿಳಿಯಬಾರದು. ರಾಜರ ಆಸ್ಥಾನಗಳಲ್ಲಿ ಅವರ ಮಾತು ನಡೆಯುತ್ತಿತ್ತು. ಬ್ರೆಜಿಲಿನ ಅವರ ತೋಟಗಳಲ್ಲಿ ಆಫ್ರಿಕದ ಗುಲಾಮರು ದುಡಿಯುತ್ತಿದ್ದರು. ಗೋವೆಯಲ್ಲಿ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನವು ಬೇಕೆಂದು 1546ರಲ್ಲಿ ಪೋರ್ತುಗಾಲಿನ ದೊರೆಗೆ ಬರೆದವರು ಇದೇ ಸಭೆಯ ಸಂತ ಫ್ರಾನ್ಸಿಸ್ ಕ್ಸೇವಿಯರರು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಕೊಂಕಣಿಗರ ನೆನಪಿನಲ್ಲಿ ಆ ನ್ಯಾಯಸ್ಥಾನದ ಹೆಸರು ಇನ್ನೂ ಮಾಸಿಲ್ಲ. ಆದುದರಿಂದ ಇಲ್ಲಿ ನಾವು ಕೇಳುವ ಪ್ರಶ್ನೆ ಸಭೆಯ ಪಾಪಪುಣ್ಯಗಳ ಲೆಕ್ಕವಲ್ಲ. ವಿಚಾರಣೆಯಿಲ್ಲದೆ ಶಿಕ್ಷೆಗೊಳಗಾದ ಮುದುಕರು ತಮ್ಮ ಶ್ರದ್ಧೆಯನ್ನು ಏನು ಮಾಡಿಕೊಂಡರು ಎಂಬಷ್ಟೇ ನಮ್ಮ ವಿಚಾರ.

1758ರ ಸೆಪ್ಟೆಂಬರಿನಲ್ಲಿ ಪೋರ್ತುಗಾಲಿನ ದೊರೆ ಜೋಸೆಯ ಮೇಲೆ ಗುಂಡು ಹಾರಿತು. ಮಂತ್ರಿ ಕಾರ್ವಾಲ್ಯೊ, ಎಂದರೆ ಮುಂದೆ ಪೊಂಬಾಲದ ಮಾರ್ಕ್ವಿಸನೆಂದು ಪ್ರಸಿದ್ಧನಾದವನು, ಈ ಸಂಚಿನಲ್ಲಿ ಯೇಸುಸಭೆಯ ಕೈವಾಡವಿದೆಯೆಂದು ಸಾರಿದನು. ಮರುವರುಷ ಸಭೆಯು ರಾಜ್ಯಭ್ರಷ್ಟವಾಯಿತು. ಗೋವೆಯಲ್ಲಿದ್ದ ಗುರುಗಳನ್ನು ಅದೇ ವರುಷ ಬಂಧಿಸಿ, ಬಳಿಕ ಹಡಗಿನಲ್ಲಿ ತುಂಬಿ ಲಿಸ್ಬನ್ನಿಗೆ ಕಳುಹಿಸಿದರು. ತಿಂಗಳುಗಟ್ಟಳೆಯ ಆ ಸಮುದ್ರಯಾನದಲ್ಲಿ ಅನೇಕರು ದಾರಿಯಲ್ಲಿಯೇ ತೀರಿಕೊಂಡರು. ಉಳಿದವರಿಗೆ ತಾಗುಸ್ ನದಿಯು ಸಮುದ್ರವನ್ನು ಸೇರುವಲ್ಲಿರುವ ಸಾವ್ ಜುಲಿಯಾವ್ ಕೋಟೆಯ ನೆಲಮನೆಗಳು ಕಾದಿದ್ದುವು. ಅಲ್ಲಿ ಗೋವೆಯವರೂ ಬ್ರೆಜಿಲಿನವರೂ ಆಫ್ರಿಕದವರೂ ಒಂದಾಗಿ ಕೂಡಿದರು. ಗೋಡೆಗಳಲ್ಲಿ ನೀರು ಒಸರುತ್ತಿತ್ತು. ಬೆಳಕು ಸಣ್ಣ ಕಂಡಿಯಿಂದ ಬರುತ್ತಿತ್ತು. ಯಾರ ಮೇಲೂ ಆರೋಪಪಟ್ಟಿಯಿಲ್ಲ. ಯಾರಿಗೂ ಶಿಕ್ಷೆಯ ಅವಧಿಯಿಲ್ಲ. ಅವಧಿಯಿಲ್ಲದ ಸೆರೆಯು ಮುದುಕನಿಗೆ ಮರಣದಂಡನೆಯೇ ಸರಿ. ಅವನು ಹೊರಕ್ಕೆ ಬರುವ ದಿನವನ್ನು ಎಣಿಸಲಾರನು.

ಈ ಕೋಟೆಯ ಬಾಳಿನ ಸಂಗತಿ ನಮಗೆ ತಿಳಿದಿರುವುದು ಅಲ್ಲಿಂದ ಬದುಕಿ ಬಂದವರ ಬರಹಗಳಿಂದ. ಮೋರಿಟ್ಸ್ ಥೋಮನ್ ಎಂಬ ಜರ್ಮನ್ ಗುರುವು ಮೊಜಾಂಬಿಕಿನಿಂದ ಗೋವೆಗೂ ಗೋವೆಯಿಂದ ಲಿಸ್ಬನ್ನಿಗೂ ಕೈದಿಯಾಗಿ ಬಂದವನು. ಅವನ ಆತ್ಮಕಥನವು 1788ರಲ್ಲಿ ಅಚ್ಚಾಯಿತು. ಅಮೆಜಾನ್ ನದಿಯ ತೀರದಿಂದ ಬಂದ ಆನ್ಸೆಲ್ಮ್ ಎಕಾರ್ಟ್ ಎಂಬವರೂ ಸೆರೆಯ ಚರಿತ್ರೆಯನ್ನು ಬರೆದಿಟ್ಟರು. ಈ ಬರಹಗಳಲ್ಲಿ ಗಮನಾರ್ಹವಾದುದು ದಿನಚರಿ. ಸೆರೆಯಾಳುಗಳು ತಮ್ಮ ಮಠದ ನಿಯಮವನ್ನು ನೆಲಮನೆಗೂ ತಂದರು. ಬೆಳಗಿನ ಧ್ಯಾನ, ಜಪ, ಆತ್ಮಪರೀಕ್ಷೆ, ವರುಷಕ್ಕೊಮ್ಮೆ ಏಕಾಂತಸಾಧನೆ, ಇವು ಕತ್ತಲೆಯಲ್ಲಿಯೂ ನಡೆದುವು. ಹೊರಗೆ ನೂರು ಕೆಲಸಗಳ ನಡುವೆ ಯಾಂತ್ರಿಕವಾಗಿದ್ದ ನಿಯಮವು ಒಳಗೆ ಅವರ ಬಾಳಿನ ಏಕೈಕ ಹಂದರವಾಯಿತು. ಭಕ್ತಿಯ ‘ಆಳ’ವೆಂದು ನಾವು ಕರೆಯುವುದನ್ನು ಅಳೆಯಲು ಇತಿಹಾಸಕಾರನಿಗೆ ಏನಾದರೂ ಅಳತೆಗೋಲಿದ್ದರೆ ಅದು ಇಂತಹುದು. ಯಾರೂ ನೋಡದ, ಯಾರೂ ಹೊಗಳದ ಸ್ಥಳದಲ್ಲಿ ಒಬ್ಬನು ಹದಿನೆಂಟು ವರುಷ ಏನನ್ನು ಬಿಡದೆ ಮಾಡಿದನು ಎಂಬುದು.

1777ರಲ್ಲಿ ದೊರೆ ಜೋಸೆಯು ತೀರಿಕೊಂಡು ಪೊಂಬಾಲನು ಪದಚ್ಯುತನಾದ ಮೇಲೆ ಸೆರೆಯ ಬಾಗಿಲು ತೆರೆಯಿತು. ಹೊರಬಂದವರಿಗೆ ಆಗ ಸಭೆಯೇ ಇರಲಿಲ್ಲ; ಅದು ವಿಸರ್ಜಿತವಾಗಿ ನಾಲ್ಕು ವರುಷ ಕಳೆದಿತ್ತು. ಎಕಾರ್ಟರು ಆಗ ಐವತ್ತೈದು ದಾಟಿದವರು. ಹದಿನೆಂಟು ವರುಷ ಸೆರೆಯಲ್ಲಿ ಕಳೆದವರು. ಜರ್ಮನಿಯಲ್ಲಿ ಶಾಂತವಾದ ವೃದ್ಧಾಪ್ಯವನ್ನು ಅವರು ಆರಿಸಿಕೊಳ್ಳಬಹುದಾಗಿತ್ತು. ಆದರೆ ರಶ್ಯದ ರಾಣಿ ಎರಡನೆಯ ಕ್ಯಾಥೆರಿನಳು ತನ್ನ ರಾಜ್ಯದಲ್ಲಿ ಪೋಪರ ಆಜ್ಞೆಯನ್ನು ಪ್ರಕಟಿಸಲು ಬಿಡದೆ ಇದ್ದುದರಿಂದ ಬಿಳಿ ರಶ್ಯದಲ್ಲಿ ಸುಮಾರು ಇನ್ನೂರು ಮಂದಿಯ ಯೇಸುಸಭೆಯು ಇನ್ನೂ ಉಸಿರಾಡುತ್ತಿತ್ತು. ಎಕಾರ್ಟರು ಅಲ್ಲಿಗೆ ಹೋಗಿ ಮತ್ತೆ ಸಭೆಯನ್ನು ಸೇರಿ, ಮುಪ್ಪಿನಲ್ಲಿ ನವಶಿಷ್ಯರ ಶಿಕ್ಷಣದಲ್ಲಿ ತೊಡಗಿದರು. 1809ರಲ್ಲಿ ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾಲೆಂಡಿನ ತರುಣ ಯಾನ್ ರೋಥಾನನು 1804ರಲ್ಲಿ ಡ್ಯೂನಬುರ್ಗಿನ ಶಿಷ್ಯಾಲಯವನ್ನು ಸೇರಿದನು; ಅವನೇ 1829ರಲ್ಲಿ ಪುನರುಜ್ಜೀವಿತ ಸಭೆಯ ಮಹಾಧಿಪತಿಯಾದನು. ಹಳೆಯ ಸಭೆಯ ಸೆರೆಮನೆಗೂ ಹೊಸ ಸಭೆಯ ಪೀಠಕ್ಕೂ ನಡುವೆ ಹೀಗೆ ಕೆಲವು ಮುದುಕರ ಸೇತುವೆಯೇ ಇದ್ದಿತು.

2

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಈ ಲೇಖನವು ಪುಣ್ಯಕಥೆಯಾದೀತು. ಅದೇ ಕಾಲದ, ಅದೇ ಸಭೆಯ ಇನ್ನೊಬ್ಬ ಮುದುಕನ ಕಥೆ ಬೇರೆಯಾಗಿದೆ. ಇಟಲಿಯಲ್ಲಿ 1689ರಲ್ಲಿ ಹುಟ್ಟಿದ ಗಾಬ್ರಿಯೇಲ್ ಮಲಗ್ರೀದರು ಬ್ರೆಜಿಲಿನ ಕಾಡುಗಳಲ್ಲಿ ಹಲವು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಸಂಚರಿಸಿ ಉಪದೇಶ ಮಾಡಿದವರು; ಜನರು ಅವರನ್ನು ಸಂತರೆಂದೇ ಕಂಡರು. 1755ರ ನವೆಂಬರ್ 1ರಂದು ಲಿಸ್ಬನ್ ನಗರವು ಭೂಕಂಪದಿಂದ ಹಾಳಾದಾಗ, ಇದು ಪಾಪಗಳಿಗೆ ದೇವರು ಕೊಟ್ಟ ಶಿಕ್ಷೆ, ಜನರು ಮೊದಲು ಪಶ್ಚಾತ್ತಾಪಪಡಬೇಕು ಎಂದು ಅವರು ಒಂದು ಪುಸ್ತಿಕೆಯನ್ನು ಬರೆದರು. ನಗರವನ್ನು ಮತ್ತೆ ಕಟ್ಟಲು ಹಗಲಿರುಳು ದುಡಿಯುತ್ತಿದ್ದ ಮಂತ್ರಿಗೆ ಇದು ಸಹಿಸಲಿಲ್ಲ. ಮಂತ್ರಿಯ ಪಕ್ಷದಲ್ಲಿಯೂ ನ್ಯಾಯವಿದ್ದಿತೆಂಬುದನ್ನು ಇಂದಿನವರು ಒಪ್ಪದೆ ಇರಲಾರರು. ಬಿದ್ದ ಊರನ್ನು ಎತ್ತುವ ಕೈಗಳಿಗೆ ಉಪವಾಸದ ಉಪದೇಶ ನೆರವಾಗುವುದಿಲ್ಲ.

1759ರಲ್ಲಿ ಮಲಗ್ರೀದರು ಸೆರೆಯಾದರು. ಏಕಾಂತದ ಕತ್ತಲೆಯಲ್ಲಿ ಎರಡು ವರುಷ ಕಳೆದ ಆ ಮುದುಕರಿಗೆ ವಾಣಿಗಳು ಕೇಳತೊಡಗಿದುವು. ಸಂತ ಅನ್ನಮ್ಮನವರು ತಾವೇ ಹೇಳಿ ಬರೆಯಿಸಿದರೆಂದು ಅವಳ ಚರಿತ್ರೆಯೊಂದನ್ನು ಅವರು ಬರೆದರೆಂಬುದು ಆರೋಪಗಳಲ್ಲೊಂದು. ಗುರುವನ್ನು ರಾಜದ್ರೋಹಕ್ಕಾಗಿ ಗಲ್ಲಿಗೇರಿಸುವುದು ಕಷ್ಟವಾಗಿದ್ದುದರಿಂದ, ಮಂತ್ರಿಯ ತಮ್ಮನೇ ಮುಖ್ಯಸ್ಥನಾಗಿದ್ದ ಇನ್‌ಕ್ವಿಸಿಶನ್ ಅವರನ್ನು ಪಾಷಂಡಿಯೆಂದು ತೀರ್ಮಾನಿಸಿತು. 1761ರ ಸೆಪ್ಟೆಂಬರ್ 21ರಂದು ಲಿಸ್ಬನ್ನಿನ ಚೌಕದಲ್ಲಿ ಅವರ ಕತ್ತು ಹಿಸುಕಿ, ದೇಹವನ್ನು ಸುಟ್ಟು, ಬೂದಿಯನ್ನು ತೂರಿದರು. ಸಭೆಯ ಕಡುವೈರಿಯಾಗಿದ್ದ ವೋಲ್ಟೇರನು ಕೂಡ ಈ ಕೃತ್ಯವನ್ನು ಕಂಡು ಹೇಸಿದನು. ಅವರದೇ ಸಭೆಯ ಸಂತರು ಎರಡು ಶತಮಾನಗಳ ಹಿಂದೆ ಗೋವೆಗಾಗಿ ಬೇಡಿದ ಬಗೆಯ ನ್ಯಾಯಸ್ಥಾನವೇ ಅವರನ್ನು ಬಲಿ ತೆಗೆದುಕೊಂಡಿತು.

ಮಲಗ್ರೀದರ ಶ್ರದ್ಧೆಯು ಸಂಕಟದಿಂದ ಆಳವಾಯಿತೆ? ಅದು ಕೆಡಲಿಲ್ಲ ಎಂಬುದು ನಿಶ್ಚಯ. ಆದರೆ ಅದನ್ನು ಹೊತ್ತಿದ್ದ ಬುದ್ಧಿಯು ಕದಡಿಹೋಯಿತೆಂದೇ ತೋರುತ್ತದೆ. ಅವರ ಸೆರೆಯ ಬರಹಗಳನ್ನು ಮುಪ್ಪು ಮತ್ತು ಏಕಾಂತಗಳ ಫಲವೆಂದು ಅನೇಕ ಚರಿತ್ರಕಾರರು ಗ್ರಹಿಸಿದ್ದಾರೆ. ಕೋಟೆಯ ಕೈದಿಗಳಿಗೆ ಸಂಗಾತಿಗಳಿದ್ದರು, ಒಟ್ಟಾಗಿ ನಡೆಸುವ ನಿಯಮವಿದ್ದಿತು. ಮಲಗ್ರೀದರಿಗೆ ಅವೆರಡೂ ಇರಲಿಲ್ಲ. ಸಂಕಟವು ಎಲ್ಲರಿಗೂ ಒಂದೇ ಪಾಠವನ್ನು ಹೇಳುವ ಗುರುವಲ್ಲವೆಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು.

3

ಸಭೆಯ ಮಹಾಧಿಪತಿ ಲೊರೆಂಜೊ ರಿಚ್ಚಿಯವರು ಫ್ಲಾರೆನ್ಸಿನ ಕುಲೀನರು. 1703ರಲ್ಲಿ ಜನನ, 1758ರಲ್ಲಿ ಅಧಿಕಾರಗ್ರಹಣ. ರಾಜಕಾರಣದ ಅನುಭವವಿಲ್ಲದ, ಮೃದುಸ್ವಭಾವದ ಈ ಪಂಡಿತರಿಗೆ ಪಾಲಿಗೆ ಬಂದದ್ದು ಸಭೆಯ ಅಂತ್ಯಕಾಲ. ಒಂದೊಂದೇ ರಾಜ್ಯವು ಕೈಬಿಡುತ್ತಿದ್ದಂತೆ ಅವರು ತಮ್ಮವರಿಗೆ ಸುತ್ತೋಲೆಗಳನ್ನು ಬರೆದು ಹೆಚ್ಚು ಪ್ರಾರ್ಥನೆ ಮಾಡಿರೆಂದು ಬೋಧಿಸಿದರು. ಇದು ನಾಯಕನ ಕೆಲಸವಲ್ಲ, ಕೈಲಾಗದವನ ಮಾತು ಎಂದು ಟೀಕಿಸಿದವರು ಉಂಟು. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ.

1773ರ ಆಗಸ್ಟಿನಲ್ಲಿ ಅವರನ್ನು ಬಂಧಿಸಿ, ಸೆಪ್ಟೆಂಬರಿನಲ್ಲಿ ರೋಮಿನ ಸಂತ ಆಂಜೆಲೊ ಕೋಟೆಯಲ್ಲಿಟ್ಟರು. ಕಿಟಕಿಗಳಿಗೆ ಹಲಗೆ ಹೊಡೆಯಲಾಯಿತು; ಬಲಿಪೂಜೆಯನ್ನು ಅರ್ಪಿಸಲು ಅಪ್ಪಣೆಯಿರಲಿಲ್ಲ. ಕೆಥೊಲಿಕ್ ಗುರುವಿಗೆ ಇದು ಎಂತಹ ಶಿಕ್ಷೆಯೆಂಬುದನ್ನು ನಮ್ಮ ವಾಚಕರು ಊಹಿಸಿಕೊಳ್ಳಬೇಕಾದರೆ, ಐವತ್ತು ವರುಷ ನಿತ್ಯವೂ ಇಷ್ಟಲಿಂಗಪೂಜೆಯನ್ನೋ ಸಂಧ್ಯಾವಂದನೆಯನ್ನೋ ಬಿಡದವನ ಕೈಯನ್ನು ಕಟ್ಟಿದಂತೆ ಎಂದು ಭಾವಿಸಬಹುದು. ಇದನ್ನು ಮಾಡಿಸಿದವನು ಪರಧರ್ಮದ ಅರಸನಲ್ಲ. ಯಾರಿಗೆ ವಿಶೇಷ ವಿಧೇಯತೆಯ ಪ್ರತಿಜ್ಞೆಯನ್ನು ಸಭೆಯವರು ಕೈಗೊಂಡಿದ್ದರೋ ಆ ಪೋಪರೇ. ರಿಚ್ಚಿಯವರ ಸಂಕಟದ ಮುಳ್ಳು ಇದು. ಶತ್ರುವಿನ ಏಟನ್ನು ಸಹಿಸುವುದು ಒಂದು ಬಗೆ. ತಂದೆಯೆಂದು ನಂಬಿದವನ ಏಟನ್ನು ಸಹಿಸುವುದು ಇನ್ನೊಂದು.

ವಿಚಾರಣೆಯಲ್ಲಿ ಅವರಿಂದ ಬಚ್ಚಿಟ್ಟ ನಿಧಿಯ ಸಂಗತಿಯನ್ನು ಹೊರಡಿಸಬೇಕೆಂದು ಅಧಿಕಾರಿಗಳು ಪ್ರಯತ್ನಪಟ್ಟರು, ಏನೂ ಸಿಕ್ಕಲಿಲ್ಲ. 1774ರಲ್ಲಿ ಹದಿನಾಲ್ಕನೆಯ ಕ್ಲೆಮೆಂಟ್ ಪೋಪರು ತೀರಿಕೊಂಡರು. ಅನಂತರ ಬಂದ ಆರನೆಯ ಪಿಯುಸರಿಗೆ ಕನಿಕರವಿದ್ದರೂ ರಾಜರ ಭಯದಿಂದ ಬಿಡುಗಡೆ ತಡವಾಯಿತು. 1775ರ ನವೆಂಬರ್ 24ರಂದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ರಿಚ್ಚಿಯವರು ಕೋಟೆಯಲ್ಲಿಯೇ ತೀರಿಕೊಂಡರು. ಮರಣಕ್ಕೆ ಕೆಲವು ದಿನ ಮುಂಚೆ, ಅಂತ್ಯಕಾಲದ ಪರಮಪ್ರಸಾದವನ್ನು ಸ್ವೀಕರಿಸುವ ಹೊತ್ತಿನಲ್ಲಿ, ಅವರು ಒಂದು ಹೇಳಿಕೆಯನ್ನು ಸಾಕ್ಷಿಗಳ ಎದುರಿಗೆ ಓದಿದರು. ಅದರ ತಾತ್ಪರ್ಯ ಎರಡು ಮಾತುಗಳು: ವಿಸರ್ಜನೆಗೆ ತಕ್ಕ ಕಾರಣವನ್ನು ಸಭೆಯು ಕೊಟ್ಟಿರಲಿಲ್ಲ, ಸೆರೆಗೆ ತಕ್ಕ ಕಾರಣವನ್ನು ತಾವು ಕೊಟ್ಟಿರಲಿಲ್ಲ. ಇದರೊಡನೆ ತಮಗೆ ಕೇಡು ಮಾಡಿದವರನ್ನು ತಾವು ಕ್ಷಮಿಸಿರುವುದಾಗಿಯೂ ತಿಳಿಸಿದರು.

ಈ ಹೇಳಿಕೆಯು ಬಹಳ ವಿಚಾರಾರ್ಹವಾದುದು. ಇಲ್ಲಿ ಅಳಲಿಲ್ಲ, ಶಾಪವಿಲ್ಲ. ಹಾಗೆಂದು ಎಲ್ಲವೂ ದೇವರ ಇಚ್ಛೆಯೆಂದು ಅನ್ಯಾಯವನ್ನು ಮರೆಮಾಚುವ ಹುಸಿ ಶಾಂತಿಯೂ ಇಲ್ಲ. ಆದುದು ಅನ್ಯಾಯವೆಂದು ಸ್ಪಷ್ಟವಾಗಿ ಹೇಳಿ, ಅನಂತರ ಕ್ಷಮಿಸಿದರು. ಅನ್ಯಾಯವೆಂದು ಒಪ್ಪದೆ ಇದ್ದರೆ ಕ್ಷಮಿಸುವುದಕ್ಕೆ ಏನೂ ಉಳಿಯದು. ಹದಿನೈದು ವರುಷಗಳ ಹಿಂದೆ ಪ್ರಾರ್ಥನೆಯ ಮರೆಯಲ್ಲಿ ನಿಂತರೆಂಬ ಟೀಕೆಗೆ ಗುರಿಯಾದ ಮೃದು ಮನುಷ್ಯನು ಸಾಯುವ ಹೊತ್ತಿಗೆ ಪೀಠದ ಎದುರು ನಿಜವನ್ನು ನುಡಿಯುವ ಗಟ್ಟಿತನವನ್ನು ಗಳಿಸಿದ್ದನು. ಸಂಕಟವು ಶ್ರದ್ಧೆಯನ್ನು ಆಳಗೊಳಿಸಿತೆಂದು ಧೈರ್ಯವಾಗಿ ಹೇಳಬಹುದಾದ ಎಡೆ ಇದು.

4

ಸ್ಪೇನಿನ ದೊರೆಯು 1767ರಲ್ಲಿ ತನ್ನ ರಾಜ್ಯಗಳಿಂದ ಸುಮಾರು ಐದು ಸಾವಿರ ಗುರುಗಳನ್ನು ಹೊರದೂಡಿದನು. ಹಡಗುಗಳು ಪೋಪರ ಬಂದರಿಗೆ ಬಂದಾಗ ಅಲ್ಲಿಯೂ ಇಳಿಯಗೊಡಲಿಲ್ಲ. ಕೆಲಕಾಲ ಕಾರ್ಸಿಕ ದ್ವೀಪದಲ್ಲಿ ನರಳಿ, ಕೊನೆಗೆ ಇಟಲಿಯ ಬೊಲೊನ್ಯ, ಫೆರಾರ ಮುಂತಾದ ಊರುಗಳಲ್ಲಿ ಅವರು ನೆಲೆನಿಂತರು. ಸರಗೋಸದ ದೊಡ್ಡ ಮನೆತನದ ಜೋಸೆ ಪಿನ್ಯತೆಲ್ಲಿಯವರು ಆಗ ಮೂವತ್ತು ತುಂಬದವರು, ಕಾಯಿಲೆಯವರು. ಮನೆತನದ ದೆಸೆಯಿಂದ ಊರಿನಲ್ಲಿಯೇ ಉಳಿಯುವ ಅವಕಾಶವಿದ್ದರೂ ಅವರು ಹಡಗನ್ನೇ ಹತ್ತಿದರು. ಮೂವತ್ತು ವರುಷಗಳ ತರುವಾಯ, ಅರುವತ್ತರ ಸಮೀಪದಲ್ಲಿ, ಪಾರ್ಮದಲ್ಲಿ ಮತ್ತೆ ಪ್ರತಿಜ್ಞೆಯನ್ನು ಸ್ವೀಕರಿಸಿ ಹೊಸ ಶಿಷ್ಯರನ್ನು ತಿದ್ದಿದರು. 1804ರಲ್ಲಿ ನೇಪಲ್ಸಿನಲ್ಲಿ ಸಭೆಯನ್ನು ಮರಳಿ ನಿಲ್ಲಿಸಿದರು. 1806ರಲ್ಲಿ ಫ್ರೆಂಚರು ಅಲ್ಲಿಂದಲೂ ಓಡಿಸಿದರು. ಅವರು 1811ರಲ್ಲಿ ರೋಮಿನಲ್ಲಿ ತೀರಿಕೊಂಡರು. ಸಭೆಯ ಪುನಃಸ್ಥಾಪನೆಗೆ ಆಗ ಮೂರು ವರುಷ ಉಳಿದಿದ್ದುವು. ಬಿತ್ತಿದವನು ಬೆಳೆಯನ್ನು ಕಾಣಲಿಲ್ಲ. 1954ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಆದರೆ ಈ ದೇಶಭ್ರಷ್ಟರಲ್ಲಿ ಎಲ್ಲರೂ ಸಂತರಾಗಲಿಲ್ಲ. ಕೆಲವರು ಬೇರೊಂದು ಬಗೆಯ ತಪಸ್ಸನ್ನು ಹಿಡಿದರು. ಮೆಕ್ಸಿಕೊದಿಂದ ಬಂದ ಕ್ಲವಿಹೇರೊ ಎಂಬವರು ಬೊಲೊನ್ಯದಲ್ಲಿ ಕುಳಿತು, ತಾವು ಮತ್ತೆ ಕಾಣಲಾರದ ತಾಯ್ನಾಡಿನ ಪ್ರಾಚೀನ ಇತಿಹಾಸವನ್ನು ಬರೆದರು. ಅದು 1780–81ರಲ್ಲಿ ಪ್ರಕಟವಾಯಿತು. ಅಮೆರಿಕದ ಮೂಲನಿವಾಸಿಗಳು ಬುದ್ಧಿಹೀನರೆಂದು ಯೂರೋಪಿನ ಪಂಡಿತರು ಬರೆಯುತ್ತಿದ್ದುದಕ್ಕೆ ಅದು ಉತ್ತರವಾಗಿತ್ತು. ಚಿಲಿ ದೇಶದ ಮೊಲಿನರು ಅಲ್ಲಿಯೇ ತಮ್ಮ ನಾಡಿನ ಗಿಡಮರ ಪ್ರಾಣಿಗಳ ವರ್ಣನೆಯನ್ನು ಬರೆದು, 1829ರಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಪರನಾಡಿನಲ್ಲಿಯೇ ಕಣ್ಣು ಮುಚ್ಚಿದರು. ಹೆರ್ವಾಸ್ ಎಂಬವರು ದಿಕ್ಕುದಿಕ್ಕುಗಳಿಂದ ಬಂದು ಸೇರಿದ್ದ ಹಳೆಯ ಪಾದ್ರಿಗಳನ್ನು ವಿಚಾರಿಸಿ ಜಗತ್ತಿನ ಭಾಷೆಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಸಭೆಯ ದುರ್ದೆಸೆಯು ಭಾಷಾಶಾಸ್ತ್ರದ ಭಾಗ್ಯವಾಯಿತು. ಊರಿನಿಂದ ದೂರವಿದ್ದು ಊರಿನ ನುಡಿಯನ್ನೂ ಚರಿತ್ರೆಯನ್ನೂ ಹೊತ್ತಿಗೆಯಲ್ಲಿ ಕಟ್ಟಿಡುವ ಹಂಬಲವು ಎಂತಹುದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಹೊಟ್ಟೆಪಾಡಿನ ವಲಸೆ, ಅವರದು ಬಲಾತ್ಕಾರದ ಗಡೀಪಾರು. ಆದರೂ ಹಂಬಲದ ಬೇರು ಒಂದೇ.

5

ಈಗ ನಮ್ಮ ದೇಶಕ್ಕೆ ಬರೋಣ. ಹದಿನೇಳನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಗುರುವು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನನ್ನು ಆರಂಭಿಸಿದನು. ಆ ಮಿಶನ್ನಿಗೆ ಜನವೂ ಹಣವೂ ಗೋವೆಯಿಂದ ಬರಬೇಕಾಗಿತ್ತು. 1759ರಲ್ಲಿ ಗೋವೆಯ ಮಠಗಳು ಮುಚ್ಚಿದಾಗ ಮೈಸೂರಿನ ಬೇರಿಗೆ ನೀರು ನಿಂತಿತು. ಪೋರ್ತುಗೀಜರ ಕೈಗೆ ಸಿಕ್ಕದ ಒಳನಾಡಿನ ಗುರುಗಳು ಸೆರೆಯಿಂದ ಉಳಿದುಕೊಂಡರೂ, ಅವರ ಜಾಗಕ್ಕೆ ಹೊಸಬರು ಬರಲಿಲ್ಲ. ಹೈದರನ ಯುದ್ಧಗಳ ಕಾಲ ಬೇರೆ. ಒಬ್ಬ ಮುದುಕನು ತೀರಿಕೊಂಡರೆ ಹಲವು ಹಳ್ಳಿಗಳ ಕ್ರೈಸ್ತರು ಗುರುವಿಲ್ಲದವರಾದರು.

ಉತ್ತರದಲ್ಲಿ ಯೋಸೆಫ್ ತೀಫೆಂಥಾಲರ್ ಎಂಬ ತಿರೋಲಿನ ಗುರುವಿದ್ದರು. ಜಯಸಿಂಹ ಮಹಾರಾಜನ ವೇಧಶಾಲೆಯಲ್ಲಿ ಕೆಲಸ ಮಾಡಬೇಕೆಂದು ಹೊರಟವರು ಇಂಡಿಯಕ್ಕೆ ಬರುವಷ್ಟರಲ್ಲಿ ಆ ಮಹಾರಾಜನೇ ತೀರಿಕೊಂಡಿದ್ದನು. ನರ್ವರದಲ್ಲಿ ಹಲವು ವರುಷ ಗುರುವಾಗಿದ್ದರು. ಪೋರ್ತುಗಾಲಿನಿಂದ ಬರುತ್ತಿದ್ದ ವೇತನ ನಿಂತುಹೋಗಲು, ಐವತ್ತೈದರ ವಯಸ್ಸಿನಲ್ಲಿ ನೆರವನ್ನು ಅರಸುತ್ತ ಬಂಗಾಳಕ್ಕೆ ಹೊರಟರು. ದಾರಿಯುದ್ದಕ್ಕೂ ಊರು, ನದಿ, ದೂರಗಳನ್ನು ಗುರುತು ಮಾಡಿಕೊಂಡರು. ಗಂಗೆ, ಘಾಘರಾ ನದಿಗಳ ಹರಿವಿನ ನಕ್ಷೆಗಳು ಅವರ ಕೈಯಿಂದ ಹೊರಟುವು. 1785ರಲ್ಲಿ ಅವರ ಇಂಡಿಯಾ ವರ್ಣನೆಯು ಬರ್ಲಿನ್ನಿನಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಗತೊಡಗಿತು. ಅದೇ ವರುಷ ಜುಲೈಯಲ್ಲಿ ಲಕ್ನೋದಲ್ಲಿ ಅವರು ತೀರಿಕೊಂಡರು, ಸಮಾಧಿ ಆಗ್ರೆಯಲ್ಲಿದೆ. ಸಭೆ ಹೋಯಿತು, ಸಂಬಳ ಹೋಯಿತು. ಊರಿಗೆ ಮರಳುವ ಯತ್ನವನ್ನು ಅವರು ಮಾಡಲಿಲ್ಲ.

ಕನ್ನಡಿಗರಿಗೆ ಇವರಿಗಿಂತ ಹತ್ತಿರದವರು ಪುದುಚೇರಿಯ ಗಾಸ್ತೊಂ ಲೊರಾಂ ಕೂರ್ದೂ. ಇವರು 1691ರಲ್ಲಿ ಹುಟ್ಟಿ, ಫ್ರೆಂಚರ ಕರ್ನಾಟಿಕ್ ಮಿಶನ್ನಿನ ಮುಖ್ಯಸ್ಥರಾಗಿದ್ದವರು. ತೆಲುಗು, ಸಂಸ್ಕೃತಗಳನ್ನು ಬಲ್ಲವರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಮೂಲದಲ್ಲಿಯೇ ನಂಟಿದೆಯೆಂದು ವಿಲಿಯಂ ಜೋನ್ಸನಿಗಿಂತ ಸುಮಾರು ಇಪ್ಪತ್ತು ವರುಷ ಮೊದಲೇ, 1767ರಲ್ಲಿ, ಪ್ಯಾರಿಸ್ಸಿನ ವಿದ್ವತ್ಸಭೆಗೆ ಬರೆದವರು. ಇವರ ಮುಪ್ಪಿನ ದಿನಗಳನ್ನು ನೋಡಿರಿ: 1761ರಲ್ಲಿ ಇಂಗ್ಲಿಷರು ಪುದುಚೇರಿಯನ್ನು ಕೆಡವಿದರು, 1764ರಲ್ಲಿ ಫ್ರಾನ್ಸು ಸಭೆಯನ್ನು ತಳ್ಳಿತು, 1773ರಲ್ಲಿ ಪೋಪರೇ ಅದನ್ನು ಅಳಿಸಿದರು, 1776ರಲ್ಲಿ ಉಳಿದ ಮುದುಕರನ್ನು ಪ್ಯಾರಿಸ್ ಮಿಶನ್ನಿನ ಅಧೀನಕ್ಕೆ ಒಪ್ಪಿಸಿದರು. ಭಾಷಾಸಂಬಂಧದ ಆ ಪ್ರಬಂಧವನ್ನು ಬರೆದಾಗ ಅವರಿಗೆ ಎಪ್ಪತ್ತೈದು ದಾಟಿತ್ತು. 1779ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಪುದುಚೇರಿಯಲ್ಲಿಯೇ ತೀರಿಕೊಂಡರು. ಪ್ರಬಂಧ ಅಚ್ಚಾದುದು 1808ರಲ್ಲಿ. ಹಿಂದೂಗಳ ನಡೆನುಡಿ ಪದ್ಧತಿಗಳನ್ನು ಕುರಿತು ಅವರು ಬರೆದಿಟ್ಟ ಹಸ್ತಪ್ರತಿಯ ಗತಿ ಇನ್ನೂ ವಿಚಿತ್ರವಾದುದು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿಗೆ ಬಂದ ಪ್ಯಾರಿಸ್ ಮಿಶನ್ನಿನ ಅಬ್ಬೆ ದ್ಯುಬುವಾರವರ ಪ್ರಸಿದ್ಧ ಗ್ರಂಥಕ್ಕೆ, ಎಂದರೆ ಮಾರ್ಕ್ ವಿಲ್ಕ್ಸನ ಶಿಫಾರಸಿನಿಂದ ಕಂಪನಿ ಸರಕಾರವು ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಹೊತ್ತಿಗೆಗೆ, ಕೂರ್ದೂರವರ ಬರಹವೇ ಮುಖ್ಯ ಆಧಾರವಾಗಿತ್ತೆಂದು ಫ್ರೆಂಚ್ ವಿದುಷಿ ಸಿಲ್ವಿಯ ಮ್ಯೂರ್ 1987ರಲ್ಲಿ ಸಿದ್ಧಪಡಿಸಿದರು. ಹೆಸರು ಕೂಡ ತನಗೆ ಉಳಿಯದ ಕೆಲಸವನ್ನು ಆ ಮುದುಕರು ಮಾಡಿದ್ದರು.

ದ್ಯುಬುವಾರವರದು ಮತ್ತೊಂದು ಬಗೆಯ ಸಂಕಟ. ಅವರು ಯೇಸುಸಭೆಯವರಲ್ಲ, ಸೆರೆಯನ್ನೂ ಕಂಡವರಲ್ಲ. 1792ರಲ್ಲಿ ಇಂಡಿಯಕ್ಕೆ ಬಂದು, ಟಿಪ್ಪುವಿನ ಕಾಲದಲ್ಲಿ ಚದುರಿಹೋದ ಕ್ರೈಸ್ತರನ್ನು ಕೂಡಿಸಿ, ಕನ್ನಡ ನಾಡಿನಲ್ಲಿ ಹಳ್ಳಿಯವರಂತೆ ಉಟ್ಟು ಉಂಡು, ಸಿಡುಬಿನ ಕಾಲದಲ್ಲಿ ಸಾವಿರಾರು ಮಂದಿಗೆ ದೇವಿ ಹಾಕಿಸಿ ಬಾಳಿದವರು. ಆದರೂ 1823ರಲ್ಲಿ ಮರಳಿ ಹೋದಾಗ, ಈ ದೇಶದಲ್ಲಿ ತಮ್ಮ ಧರ್ಮವು ಬೇರೂರುವ ಸಂಭವವಿಲ್ಲವೆಂದು ಬಹಿರಂಗವಾಗಿ ಬರೆದರು. ಮೂವತ್ತು ವರುಷದ ದುಡಿಮೆ ನಿಷ್ಫಲವೆಂದು ತಾನೇ ಒಪ್ಪುವುದು ಕಡಮೆ ನೋವಿನ ಕೆಲಸವಲ್ಲ. ಆದರೆ ಅವರು ಗುರುತನವನ್ನು ತೊರೆಯಲಿಲ್ಲ. ಪ್ಯಾರಿಸ್ಸಿನ ತಮ್ಮ ಮಠದಲ್ಲಿಯೇ ಉಳಿದು, ಕೆಲಕಾಲ ಅದರ ಮುಖ್ಯಸ್ಥರಾಗಿ, 1848ರಲ್ಲಿ ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಫಲದ ಆಸೆ ಹೋದ ಮೇಲೂ ನಿಂತ ಶ್ರದ್ಧೆಗೆ ಗೀತೆಯನ್ನು ಬಲ್ಲವರು ತಮ್ಮದೇ ಹೆಸರನ್ನು ಕೊಡಬಲ್ಲರು.

6

ಇನ್ನೊಬ್ಬರನ್ನು ನೆನೆದು ಮುಗಿಸಬೇಕು. ಏಳನೆಯ ಪಿಯುಸ್ ಪೋಪರನ್ನು 1809ರಲ್ಲಿ ನೆಪೋಲಿಯನ್ನನು ಸೆರೆಹಿಡಿದನು. ಮೊದಲು ಸವೋನ, ಬಳಿಕ ಫೊಂತೆನ್‌ಬ್ಲೋ. ಮೂಲತಃ ಬೆನೆಡಿಕ್ಟ್ ಮಠದ ಸನ್ಯಾಸಿಗಳಾದ ಅವರು ಸೆರೆಯಲ್ಲಿ ಹಳೆಯ ಸನ್ಯಾಸದ ಬಾಳನ್ನೇ ಮತ್ತೆ ಹಿಡಿದರು. ಆದರೆ 1813ರ ಜನವರಿಯಲ್ಲಿ, ಎಪ್ಪತ್ತು ವರುಷದ ಆ ರೋಗಿಯು ಚಕ್ರವರ್ತಿಯ ಒತ್ತಾಯಕ್ಕೆ ಮಣಿದು ಪೀಠದ ಹಕ್ಕುಗಳನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ರುಜು ಹಾಕಿದರು. ಅನಂತರ ಪಶ್ಚಾತ್ತಾಪದಿಂದ ಬೆಂದು, ಎರಡು ತಿಂಗಳೊಳಗೆ ತಮ್ಮ ಕೈಯಿಂದಲೇ ಬರೆದು ಅದನ್ನು ಹಿಂದೆಗೆದುಕೊಂಡರು. ಸೆರೆಯಲ್ಲಿದ್ದುಕೊಂಡೇ, ತಾನು ಸೋತೆನೆಂದು ಒಪ್ಪಿಕೊಂಡೇ, ಹಾಗೆ ಮಾಡಿದರು. ಎಂದೂ ಜಾರದವನ ಗಟ್ಟಿತನಕ್ಕಿಂತ ಜಾರಿ ಎದ್ದವನ ಗಟ್ಟಿತನವು ನಮಗೆ ಹೆಚ್ಚು ನಂಬುಗೆಯದಾಗಿ ತೋರುತ್ತದೆ.

1814ರ ಮೇ ತಿಂಗಳಲ್ಲಿ ಅವರು ರೋಮಿಗೆ ಮರಳಿದರು. ಆಗಸ್ಟ್ 7ರಂದು ಜೆಸು ಎಂಬ ದೇವಾಲಯದಲ್ಲಿ ಯೇಸುಸಭೆಯ ಪುನಃಸ್ಥಾಪನೆಯ ಆಜ್ಞೆಯನ್ನು ಓದಿಸಿದರು. ನಲವತ್ತೊಂದು ವರುಷ ಬದುಕಿ ಉಳಿದಿದ್ದ ಹಳೆಯ ಸಭೆಯ ಮುದುಕರು ಅಲ್ಲಿ ನೆರೆದಿದ್ದರು. ರಿಚ್ಚಿಯವರ ಸಮಾಧಿಯೂ ಅದೇ ದೇವಾಲಯದಲ್ಲಿದ್ದಿತು. ನೆಪೋಲಿಯನ್ನನು ಬಿದ್ದ ಮೇಲೆ ಅವನ ತಾಯಿಗೆ ರೋಮಿನಲ್ಲಿ ಆಶ್ರಯ ಕೊಟ್ಟವರೂ, ಸೇಂಟ್ ಹೆಲೆನದಲ್ಲಿ ಅವನ ಸೆರೆಯನ್ನು ಹಗುರಗೊಳಿಸಬೇಕೆಂದು ಪ್ರಯತ್ನಿಸಿದವರೂ ಇದೇ ಪಿಯುಸರು. ಇದಕ್ಕೆ ಹೊಂದುವ ಇನ್ನೊಂದು ಸಂಗತಿ: ಪೋರ್ತುಗಾಲಿಗೆ ಮರಳಿ ಬಂದ ಯೇಸುಸಭೆಯ ಗುರುಗಳು 1832ರಲ್ಲಿ ಪೊಂಬಾಲ್ ಊರನ್ನು ಹಾದುಹೋಗುವಾಗ, 1782ರಲ್ಲಿ ತೀರಿಕೊಂಡ ಆ ಮಂತ್ರಿಯ ದೇಹವು ಇನ್ನೂ ಸಮಾಧಿ ಕಾಣದೆ ಇದ್ದುದನ್ನು ಕಂಡು, ಅವನ ಆತ್ಮಕ್ಕಾಗಿ ಬಲಿಪೂಜೆಯನ್ನು ಅರ್ಪಿಸಿದರು.

ಈ ವೃತ್ತಾಂತದಿಂದ ಏನು ನಿಷ್ಪನ್ನವಾಯಿತು? ಸಂಕಟಕ್ಕೆ ತಾನಾಗಿ ಭಕ್ತಿಯನ್ನು ಬೆಳೆಸುವ ಶಕ್ತಿಯಿಲ್ಲ. ಹಾಗೆಂದು ನಂಬಿದರೆ ಪೀಡಿಸುವವರಿಗೆ ಪುಣ್ಯದ ಪಾಲನ್ನು ಹಂಚಿದಂತಾದೀತು. ಸಂಕಟವು ಮಾಡುವುದು ಇಷ್ಟೆ: ಅದು ಊರೆಗಳನ್ನು ಕಿತ್ತುಕೊಳ್ಳುತ್ತದೆ. ಆಮೇಲೆ ಮನುಷ್ಯನು ನಿಲ್ಲುವುದು, ಮೊದಲೇ ನಿತ್ಯದ ಅಭ್ಯಾಸದಿಂದ ಗಳಿಸಿದ್ದ ಕಾಲಬಲದಿಂದ. ಎಕಾರ್ಟರಿಗೆ ನಿಯಮ, ರಿಚ್ಚಿಯವರಿಗೆ ಸತ್ಯ, ಕೂರ್ದೂರವರಿಗೆ ಕೆಲಸ, ಪಿಯುಸರಿಗೆ ಪಶ್ಚಾತ್ತಾಪ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಬಲ. ಒಂಟಿಯಾಗಿ ಕತ್ತಲೆಗೆ ಎಸೆಯಲ್ಪಟ್ಟ ಮಲಗ್ರೀದರಿಗೆ ಅದು ಸಾಲಲಿಲ್ಲ. ಅದಕ್ಕಾಗಿ ಅವರನ್ನು ಕೀಳೆಂದು ಎಣಿಸುವ ಹಕ್ಕು ನಮಗಿಲ್ಲ.

1878ರ ಕೊನೆಯ ದಿನ ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಬಂದಿಳಿದರು. ಅವರಲ್ಲಿ ಅನೇಕರು ತಮ್ಮ ತಾಯ್ನಾಡುಗಳ ಹೊಸ ಕಾನೂನುಗಳಿಂದ ನೆಲೆ ತಪ್ಪಿದವರೇ ಆಗಿದ್ದರು. ಕಂಕನಾಡಿಯಲ್ಲಿ ಔಷಧವನ್ನು ಹಂಚಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದ ಫಾದರ್ ಮುಲ್ಲರರೂ, ಕೊಂಕಣಿಗೆ ವ್ಯಾಕರಣವನ್ನು ಬರೆದ ಮಫೇಯಿಯವರೂ ಆ ಕಾಲದಲ್ಲಿ ಬಂದವರು. ಮುಲ್ಲರರು 1910ರಲ್ಲಿ ಅಲ್ಲಿಯೇ ಮಣ್ಣಾದರು. ಪರದೇಶದ ಸೆರೆಮನೆಗಳ ಕತ್ತಲೆಯಲ್ಲಿ ಕೆಲವು ಮುದುಕರು ಆರದಂತೆ ಕಾಪಾಡಿದ ಕಿಡಿಯೊಂದು ನಮ್ಮ ಕರಾವಳಿಯ ಆಸ್ಪತ್ರೆಯ ದೀಪಕ್ಕೂ ತಗುಲಿದೆ. ಶರಣರ ಗುಣವನ್ನು ಮರಣದಲ್ಲಿ ನೋಡು ಎಂದ ಗಾದೆಗೆ ಇತಿಹಾಸವು ಒಂದು ಮಾತನ್ನು ಮಾತ್ರ ಸೇರಿಸಬಹುದು: ಮರಣದಲ್ಲಿ ಕಂಡ ಆ ಗುಣವು ದಿನದಿನದ ಬಾಳಿನಲ್ಲಿ ಕೂಡಿಟ್ಟದ್ದು.